ಶಿರಸಿ ಕಡೆಯವರೇ, 'ಅಪ್‌ಗ್ರೇಡ್' ಅಂತ ಕಂಪ್ಯೂಟರ್ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡ್ತೇನೆ. ವಿಂಡೋಸ್ 10ರಿಂದ 11ಕ್ಕೆ ಹೋಗಲು ಫಾರ್ಮ್ಯಾಟ್ (ಡಿಸ್ಕನ್ನು ಪೂರ್ತಿ ಅಳಿಸೋದು) ಬೇಡ. ಬೇಡ ಅಂದ್ರೆ ಬೇಡ. "ಫಾರ್ಮ್ಯಾಟ್ ಮಾಡದೆ ಹನ್ನೊಂದು ಬರೂದೇ ಇಲ್ಲ" ಅಂತ ಯಾರಾದರೂ ಅಂದರೆ ಸಿಪಿಯು ಎತ್ತಿಕೊಂಡು ವಾಪಸ್ ಬನ್ನಿ. ನಾವು ಬರಲಿಲ್ಲ. 1,500 ರೂಪಾಯಿ ಕೊಟ್ಟು ಎರಡೂವರೆ ತಿಂಗಳ ಅಡಿಕೆ ಲೆಕ್ಕ ಕಳಕೊಂಡೆವು.

ಮಷಿನ್ನು ಶಿರಸಿಯ ಒಂದು ಅಡಿಕೆ ವಖಾರಿಯದು. ಅಸೆಂಬಲ್ಡ್ ಡೆಸ್ಕ್‌ಟಾಪ್, ಒಂಬತ್ತನೇ ಜನರೇಶನ್ನಿನ ಐ5, 8 ಜಿಬಿ ರ್‍ಯಾಮ್, 240 ಜಿಬಿಯ ಒಂದೇ ಎಸ್‌ಎಸ್‌ಡಿ, ಅದರಲ್ಲೇ ಸಿ ಮತ್ತು ಡಿ. ದುಡ್ಡು ಕೊಟ್ಟು ತಗೊಂಡ ವಿಂಡೋಸ್ 10 ಹೋಮ್. ಒಳಗೆ ಲೆಕ್ಕಕ್ಕೆ ಟ್ಯಾಲಿಪ್ರೈಮ್, ಕನ್ನಡ ಟೈಪಿಂಗಿಗೆ ನುಡಿ, ಬಿಲ್ಲಿಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಜಿಎಸ್‌ಟಿಗೆ ಡಿಜಿಟಲ್ ಸಹಿಯ ಟೋಕನ್. ಇಷ್ಟೇ. ಪೇಟೆಯ ಅರ್ಧ ವಖಾರಿಗಳಲ್ಲಿ ಇದೇ ನಮೂನೆಯ ಮಷಿನ್ನು ಇದೆ, ಅದಕ್ಕೇ ಬರೀತಾ ಇದ್ದೇನೆ.

14 ಅಕ್ಟೋಬರ್ 2025ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ದೀಪಾವಳಿಗೆ ಲೆಕ್ಕದ ಪುಸ್ತಕದ ಜೊತೆ ಕಂಪ್ಯೂಟರಿಗೂ ಕುಂಕುಮ ಹಚ್ಚಿ ಪೂಜೆ ಮಾಡಿದ ವಾರಕ್ಕೇ ಕಂಪ್ಯೂಟರ್ ಅಂಗಡಿಯವನ ಫೋನು: "ಇನ್ಮೇಲೆ ಹತ್ತು ಓಡೂದಿಲ್ಲ, ಟ್ಯಾಲಿನೂ ಬಂದ್ ಆಗ್ತದೆ." ಯಾವುದೂ ಬಂದ್ ಆಗೋದಿಲ್ಲ. ನಿಲ್ಲೋದು ಸೆಕ್ಯುರಿಟಿ ಅಪ್‌ಡೇಟ್. ಅದಕ್ಕೂ ಮನೆ ಬಳಕೆಯ ಮಷಿನ್‌ಗಳಿಗೆ 13 ಅಕ್ಟೋಬರ್ 2026ರ ತನಕ ಇಎಸ್‌ಯು ಅನ್ನೋ ಹೆಚ್ಚುವರಿ ಅಪ್‌ಡೇಟಿನ ವ್ಯವಸ್ಥೆ ಇದೆ, ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿ. ಅಂದರೆ ಅವಸರ ಇರಲೇ ಇಲ್ಲ. ಅವಸರ ಇದ್ದದ್ದು ಅವನಿಗೆ.

ಕೌಂಟರಿನಲ್ಲಿ ಸ್ಪಷ್ಟವಾಗಿ ಹೇಳಿದ್ದೆ, "ತಮಾ, ಇದ್ದದ್ದು ಇದ್ದಂಗೇ ಇರ್ಬೇಕು. ಟ್ಯಾಲಿ, ನುಡಿ, ಪ್ರಿಂಟರ್ ಸೆಟ್ಟಿಂಗ್, ಯಾವುದೂ ಹೋಗೂಕಾಗ." "ಏನೂ ಆಗೂದಿಲ್ಲ ಸರ್, ಡಾಟಾ ಎಲ್ಲ ತೆಗೆದಿಟ್ಟೇ ಮಾಡೂದು" ಅಂದ. ಆ ಮಾತಿನಲ್ಲೇ ಎಲ್ಲ ಇತ್ತು. 'ತೆಗೆದಿಟ್ಟು' ಮಾಡೋದು ಅಂದರೆ ಅಳಿಸಿ ಮಾಡೋದು. ನಿಜವಾದ ಅಪ್‌ಗ್ರೇಡಿನಲ್ಲಿ ಏನನ್ನೂ ತೆಗೆದಿಡಬೇಕಾಗಿಲ್ಲ (ಬ್ಯಾಕಪ್ ಬೇರೆ ಮಾತು). ಇದು ಗೊತ್ತಿದ್ದೂ ತಲೆ ಅಲ್ಲಾಡಿಸಿ ಬಂದೆ. ಇವತ್ತಿಗೂ ನಾಚಿಕೆಯಾಗೋದು ಅದಕ್ಕೇ.

ಮರುದಿನ ಸಂಜೆ ಆನ್ ಮಾಡಿ ತೋರಿಸಿದ. ಅದೇ ಯಾಣದ ಬಂಡೆಯ ವಾಲ್‌ಪೇಪರು. ಐಕಾನುಗಳೂ ಬಹುಪಾಲು ಅದೇ ಜಾಗದಲ್ಲಿ. ಟ್ಯಾಲಿಯದ್ದು, ನುಡಿಯದ್ದು ಮಾತ್ರ ಬಿಳಿ ಹಾಳೆಯ ಹಾಗೆ ಕಾಣ್ತಿತ್ತು. ಕೇಳಿದೆ. "ಹೊಸದಲ್ವಾ ಸರ್, ಐಕಾನ್ ಲೋಡ್ ಆಗೂಕೆ ಸ್ವಲ್ಪ ಹೊತ್ತು ಬೇಕು." ನಂಬಿದೆ, ಮಾರಾಯ್ರೆ! ಐಕಾನ್ ಲೋಡ್ ಆಗೂಕೆ ಹೊತ್ತು! ಕೌಂಟರಿನಲ್ಲೇ ಎರಡು ಸಲ ಕ್ಲಿಕ್ ಮಾಡಿದ್ದರೆ ಅಲ್ಲಿಗೇ ಮುಗೀತಿತ್ತು. ದುಡ್ಡು ಕೊಟ್ಟು, ರಸೀದಿ ಮಡಚಿ ಕಿಸೆಗೆ ಹಾಕಿ ಬಂದೆ.

ವಖಾರಿಗೆ ಬಂದು ಟ್ಯಾಲಿ ಒತ್ತಿದರೆ, ಈ ಶಾರ್ಟ್‌ಕಟ್ ಸೂಚಿಸುವ ಫೈಲೇ ಇಲ್ಲ ಅಂತ ಉತ್ತರ. ಐಕಾನ್ ಮೇಲೆ ಬಲಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದೆ. ಎರಡು ಕೆಬಿ. ಅವನು ಹಳೇ ಡೆಸ್ಕ್‌ಟಾಪ್ ಫೋಲ್ಡರನ್ನು ಕಾಪಿ ಮಾಡಿಟ್ಟು, ಇಡೀ ಡಿಸ್ಕ್ ಅಳಿಸಿ, ಹೊಸ ವಿಂಡೋಸ್ ಹಾಕಿ, ಆ ಶಾರ್ಟ್‌ಕಟ್ಟುಗಳನ್ನು ತಂದು ಅದೇ ಜಾಗದಲ್ಲಿ ಅಂಟಿಸಿದ್ದ. ವಾಲ್‌ಪೇಪರ್ ಸಮೇತ! ಮನೆ ಸುಟ್ಟು ಬಾಗಿಲ ಮೇಲಿನ ಹೆಸರಿನ ಫಲಕ ಮಾತ್ರ ಕೊಟ್ಟ ಹಾಗೆ. ಅಷ್ಟು ಶ್ರಮ ಬ್ಯಾಕಪ್ಪಿಗೆ ಹಾಕಿದ್ದರೆ?

ಫೋನ್ ಮಾಡಿದೆ. ಅವನ ಉತ್ತರಗಳನ್ನು ಒಂದೊಂದಾಗಿ ಬರೀತೇನೆ, ನಿಮಗೂ ಇವೇ ಸಿಗೋದು.

"ಡಾಟಾ ಎಲ್ಲ ಕೊಟ್ಟಿದ್ದೇನೆ ಸರ್." ಕೊಟ್ಟದ್ದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಮತ್ತೆ ಡಿ ಡ್ರೈವಿನ ಫೋಲ್ಡರುಗಳು. ಟ್ಯಾಲಿಪ್ರೈಮ್ ಲೆಕ್ಕ ತಾನಾಗಿ ಕೂರೋದು ಅಲ್ಲೆಲ್ಲೂ ಅಲ್ಲ. ಸಿ ಡ್ರೈವಿನ ಯೂಸರ್ಸ್ ಒಳಗೆ ಪಬ್ಲಿಕ್, ಅದರೊಳಗೆ ಟ್ಯಾಲಿಪ್ರೈಮ್, ಅದರೊಳಗೆ ಡಾಟಾ. ಅಲ್ಲಿ ಕಂಪನಿಗೊಂದು ಅಂಕಿಯ ಹೆಸರಿನ ಫೋಲ್ಡರ್. ನೋಡಿದವರಿಗೆ ಏನೋ ಕಸ ಅನ್ನಿಸ್ತದೆ, ಆದರೆ ಇಡೀ ವ್ಯವಹಾರ ಅದರಲ್ಲಿದೆ. ಹಾಗೇ ಕ್ರೋಮ್‌ನ ಬುಕ್‌ಮಾರ್ಕ್, ಔಟ್‌ಲುಕ್‌ನ ಕೆಲವು ಫೈಲು ಎಲ್ಲ ಯೂಸರ್ಸ್ ಒಳಗಿನ ಆ್ಯಪ್‌ಡಾಟಾ ಅನ್ನೋ ಮುಚ್ಚಿಟ್ಟ ಫೋಲ್ಡರಿನಲ್ಲಿ ಇರ್ತವೆ. ಆ ಫೋಲ್ಡರನ್ನು ಕಾಪಿ ಮಾಡಿಟ್ಟರೂ ಕ್ರೋಮ್‌ನ ಪಾಸ್‌ವರ್ಡು ಹೊಸ ವಿಂಡೋಸಿನಲ್ಲಿ ತೆರೆಯೋದಿಲ್ಲ, ಹಳೇ ಯೂಸರ್ ಖಾತೆಯ ಬೀಗ ಅದಕ್ಕಿದೆ.

"ಹಳೇ ವಿಂಡೋಸ್ ಫೋಲ್ಡರ್ ಜಾಗ ತಿಂತದೆ, ತೆಗೆದು ಕೊಟ್ಟಿದ್ದೇನೆ." ಅಪ್‌ಗ್ರೇಡ್ ಆದಾಗ ಹಳೇ ವಿಂಡೋಸ್ ಕೂರುವ ಫೋಲ್ಡರು, ವಿಂಡೋಸ್ ಡಾಟ್ ಓಲ್ಡ್, ಎಲ್ಲಿ ಅಂತ ಕೇಳಿದ್ದಕ್ಕೆ ಈ ಉತ್ತರ. ಇದು ಸುಳ್ಳು. ಪಾರ್ಟಿಷನ್ನೇ (ಡಿಸ್ಕಿನ ಆ ಭಾಗವನ್ನೇ) ಅಳಿಸಿದ ಮೇಲೆ ಆ ಫೋಲ್ಡರ್ ಹುಟ್ಟೋದೇ ಇಲ್ಲ. ಸರಿಯಾಗಿ ಅಪ್‌ಗ್ರೇಡ್ ಆಗಿದ್ದರೆ ಅದು ಸಿ ಡ್ರೈವಿನಲ್ಲಿ ಇರ್ತದೆ, 10 ದಿನದೊಳಗೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಅಂತ ಹೋಗಿ 'ಗೋ ಬ್ಯಾಕ್' ಒತ್ತಿದರೆ ಹಳೇ ವಿಂಡೋಸಿಗೆ ವಾಪಸ್ ಹೋಗಬಹುದು. ಹತ್ತು ದಿನ ಮುಗಿಯೋ ತನಕ ಡಿಸ್ಕ್ ಕ್ಲೀನಪ್ ಮುಟ್ಟಬೇಡಿ, ಆ ಫೋಲ್ಡರೂ ಅದರಲ್ಲಿ ಹೋಗಿಬಿಡಬಹುದು.

"ನಿಮ್ದು ಎಂಬಿಆರ್ ಡಿಸ್ಕ್ ಸರ್, ಫಾರ್ಮ್ಯಾಟ್ ಮಾಡ್ಲೇಬೇಕು." ಇದರಲ್ಲಿ ಅರ್ಧ ನಿಜ, ಅದಕ್ಕೇ ಹೆಚ್ಚು ಸಿಟ್ಟು. ಹನ್ನೊಂದಕ್ಕೆ ಯುಇಎಫ್‌ಐ (ಮಷಿನ್ನು ಬೂಟ್ ಆಗುವ ಹೊಸ ಪದ್ಧತಿ) ಮತ್ತು ಟಿಪಿಎಂ 2.0 (ಸೆಕ್ಯುರಿಟಿ ಕೀಲಿಗಳನ್ನು ಕಾಯುವ ವ್ಯವಸ್ಥೆ) ಬೇಕು. ಎಂಬಿಆರ್, ಜಿಪಿಟಿ ಅಂದರೆ ಡಿಸ್ಕಿನ ಭಾಗಗಳ ಪಟ್ಟಿ ಬರೆದಿಡುವ ಹಳೇ ಮತ್ತು ಹೊಸ ನಮೂನೆ. ಡಿಸ್ಕ್ ಎಂಬಿಆರ್ ಆಗಿದ್ದರೆ ಯುಇಎಫ್‌ಐನಲ್ಲಿ ಬೂಟ್ ಆಗೋದಿಲ್ಲ, ಜಿಪಿಟಿಗೆ ಬದಲಿಸಬೇಕು. ಅದಕ್ಕೆ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಎಲ್ಲ ಪಾರ್ಟಿಷನ್ ಡಿಲೀಟ್ ಒತ್ತೋದು ಸೋಮಾರಿಯ ದಾರಿ. ಒಂದೇ ಡಿಸ್ಕಿನ ಮೇಲೆ ಇರೋದರಿಂದ ಡಿ ಡ್ರೈವೂ ಅದರ ಜೊತೆಗೇ ಹೋಗ್ತದೆ. 2017ರಿಂದ ವಿಂಡೋಸ್ 10ರ ಒಳಗೇ ಎಂಬಿಆರ್2ಜಿಪಿಟಿ ಅನ್ನೋ ಸಲಕರಣೆ ಇದೆ, ಒಂದು ಫೈಲೂ ಅಳಿಸದೆ ಬದಲಿಸ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು 'ವ್ಯಾಲಿಡೇಟ್', ಅದು ಪಾಸಾದರೆ ಮಾತ್ರ 'ಕನ್ವರ್ಟ್'; ಎರಡಕ್ಕೂ 'ಅಲೋಫುಲ್‌ಓಎಸ್' ಸೇರಿಸಬೇಕು. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ, ಅಥವಾ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಇದ್ದರೆ ಒಪ್ಪೋದಿಲ್ಲ. ನಮ್ಮದರಲ್ಲಿ ಇದ್ದದ್ದು ಮೂರೇ: ಸಿಸ್ಟಮ್ ರಿಸರ್ವ್ಡ್, ಸಿ, ಡಿ, ಮೂರೂ ಪ್ರೈಮರಿ. ಕೆಲವು ನಿಮಿಷದ ಕೆಲಸ. ಆಮೇಲೆ ಬಯಾಸಿನಲ್ಲಿ (ಬೋರ್ಡಿನ ಸೆಟ್ಟಿಂಗ್ ಪುಟ) ಹಳೇ ಬೂಟ್ ಪದ್ಧತಿಯ ಸಿಎಸ್‌ಎಂ ಆಫ್ ಮಾಡಿ, ಯುಇಎಫ್‌ಐಗೆ ತಂದು, ಇಂಟೆಲ್ ಬೋರ್ಡಾದರೆ ಪಿಟಿಟಿ, ಎಎಂಡಿಯಾದರೆ ಎಫ್‌ಟಿಪಿಎಂ ಅನ್ನೋ ಹೆಸರಿನಲ್ಲಿರುವ ಟಿಪಿಎಂ ಆನ್ ಮಾಡಿದರಾಯ್ತು. 'ಟಿಪಿಎಂ ಇಲ್ಲ, ಹೊಸ ಬೋರ್ಡ್ ತಗೊಳ್ಳಿ' ಅನ್ನೋರು ಇನ್ನೊಂದು ಜಾತಿ. ಎಂಟನೇ ಜನರೇಶನ್ ಮತ್ತು ಆಮೇಲಿನ ಇಂಟೆಲ್ ಬೋರ್ಡುಗಳಲ್ಲಿ ಬಹುಮಟ್ಟಿಗೆ ಅದು ಒಳಗೇ ಇರ್ತದೆ, ಆಫ್ ಆಗಿರ್ತದೆ ಅಷ್ಟೇ.

"ಟ್ಯಾಲಿ ನನ್ ಹತ್ರ ಇದೆ ಸರ್, ಫ್ರೀಯಾಗಿ ಹಾಕ್ಕೊಡ್ತೇನೆ." ಲೈಸೆನ್ಸ್ ಇದ್ದವರಿಗೆ ಕಳ್ಳ ಕಾಪಿ ಕೊಡ್ತೇನೆ ಅಂತಾನೆ! ಆವಾಗ ಸಂಶಯ ಬಂತು. ಯಾವ ವಿಂಡೋಸ್ ಅಂತ ತೋರಿಸುವ ವಿನ್‌ವರ್ ಟೈಪ್ ಮಾಡಿ ನೋಡಿದರೆ ವಿಂಡೋಸ್ 11 ಪ್ರೊ. ನಮ್ಮದು ಹೋಮ್. ಲೈಸೆನ್ಸ್ ವಿವರ ತೋರಿಸುವ ಎಸ್‌ಎಲ್‌ಎಂಜಿಆರ್ ಸ್ಲ್ಯಾಶ್ ಡಿಎಲ್‌ಐ ಆದೇಶ ಕೊಟ್ಟಾಗ ಬಂದ ಕಿಟಕಿಯಲ್ಲಿ 'ವಾಲ್ಯೂಮ್ ಕೆಎಂಎಸ್ ಕ್ಲೈಂಟ್' ಅಂತ ಇತ್ತು. ಅದು ದೊಡ್ಡ ಸಂಸ್ಥೆಗಳ ಲೈಸೆನ್ಸ್ ನಮೂನೆ. ಅಂಗಡಿಯಲ್ಲಿ ತಗೊಂಡ ಒಂಟಿ ಮಷಿನ್ನಿನಲ್ಲಿ ಅದು ಕಂಡರೆ ಕಳ್ಳ ಆಕ್ಟಿವೇಟರ್ ಹಾಕಿದ್ದಾರೆ ಅಂತಲೇ ಲೆಕ್ಕ. 180 ದಿನಕ್ಕೆ ಮುಗಿಯುವ ಆಕ್ಟಿವೇಶನ್, ಅದನ್ನು ಮತ್ತೆ ಮತ್ತೆ ಎಬ್ಬಿಸಲು ಹಿಂದೆ ಒಂದು ಪ್ರೋಗ್ರಾಂ. ಆ ಪ್ರೋಗ್ರಾಮನ್ನು ಡಿಫೆಂಡರ್ ಹಿಡಿಯಬಾರದಲ್ಲ, ಅದಕ್ಕೆ ವಿಂಡೋಸ್ ಸೆಕ್ಯುರಿಟಿಯ 'ಎಕ್ಸ್‌ಕ್ಲೂಶನ್ಸ್'ನಲ್ಲಿ ಒಂದು ಫೋಲ್ಡರ್ ಸೇರಿಸಿದ್ದ. ಬ್ಯಾಂಕು, ಜಿಎಸ್‌ಟಿ, ಡಿಜಿಟಲ್ ಸಹಿ ಎಲ್ಲ ನಡೆಯುವ ಮಷಿನ್ನಿನ ಬಾಗಿಲು ತೆರೆದಿಟ್ಟು ಕೊಟ್ಟಿದ್ದಾನೆ. ನಮ್ಮ ಹೋಮ್ ಲೈಸೆನ್ಸ್ ಮದರ್‌ಬೋರ್ಡಿನ ಲೆಕ್ಕದಲ್ಲಿ ಮೈಕ್ರೋಸಾಫ್ಟ್ ಬಳಿ ಇತ್ತು. 'ಪ್ರಾಡಕ್ಟ್ ಕೀ ಇಲ್ಲ' ಒತ್ತಿ ಹೋಮ್ ಆರಿಸಿದ್ದರೆ ನೆಟ್ ಸಿಕ್ಕಿದ ಕೂಡಲೇ ತಾನೇ ಆಕ್ಟಿವೇಟ್ ಆಗ್ತಿತ್ತು. ಅಷ್ಟೂ ನೋಡಲಿಲ್ಲ. ಎಲ್ಲರಿಗೂ ಒಂದೇ ಪೆನ್‌ಡ್ರೈವ್, ಎಲ್ಲರಿಗೂ ಪ್ರೊ.

"ರಿಕವರಿಗೆ ಹುಬ್ಬಳ್ಳಿಗೆ ಕಳಿಸ್ಬೇಕು, ನಾಲ್ಕು ಸಾವಿರ ಆಗ್ತದೆ." ಇಲ್ಲಿ ಮಾತ್ರ ಮತ್ತೆ ಬೀಳಲಿಲ್ಲ. ಹಳೇ ಹಾರ್ಡ್‌ಡಿಸ್ಕ್ ಆಗಿದ್ದರೆ ಕೂಡಲೇ ಆಫ್ ಮಾಡಿ ಕಳಿಸೋದರಲ್ಲಿ ಅರ್ಥ ಇರ್ತಿತ್ತು. ಎಸ್‌ಎಸ್‌ಡಿ ಹಾಗಲ್ಲ. ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಟ್ರಿಮ್ ಆದೇಶ ಕೊಡ್ತದೆ, ಡಿಸ್ಕು ಆ ಜಾಗವನ್ನು ತಾನೇ ಒರೆಸಿಬಿಡ್ತದೆ. ಮೇಲಿಂದ ಹೊಸ ವಿಂಡೋಸ್ ಬೇರೆ ಕೂತಿದೆ. ಸಿಕ್ಕುವ ಆಸೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ.

ನುಡಿ ಫೈಲುಗಳು ಡಿ ಡ್ರೈವಿನಲ್ಲಿದ್ದವು, ಬಂದವು. ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆಗೆ ಕೊಂಬು ಮೂಡಿದಂಥ ಚಿಹ್ನೆಗಳು. ವಖಾರಿಯ ಯಜಮಾನರು ಫೈಲೇ ಕೆಟ್ಟಿತು ಅಂದುಕೊಂಡರು. ಕೆಟ್ಟಿಲ್ಲ. ಹಳೇ ನುಡಿ ಬರಹ ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿ) ಅಲ್ಲ, ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣ್ತದೆ. ನುಡಿ ಮತ್ತೆ ಹಾಕಿದ ಮೇಲೆ ಸರಿಯಾಯ್ತು. ಇಂಥ ಫೈಲನ್ನು ಹೆದರಿ ಡಿಲೀಟ್ ಮಾಡಬೇಡಿ, ಬೇರೆ ಫಾಂಟಿಗೆ ಬದಲಿಸಿ ಸೇವ್ ಮಾಡಲೂ ಬೇಡಿ. ಸಹಿಯ ಟೋಕನ್ನಿಗೆ ಡ್ರೈವರ್ ಹೊಸದಾಗಿ ಹಾಕಬೇಕಾಯ್ತು. ಡಾಟ್ ಮ್ಯಾಟ್ರಿಕ್ಸಿನಲ್ಲಿ ಬಿಲ್ ಹಾಳೆಯ ಅಳತೆಗೆ ಮಾಡಿಟ್ಟ 'ಫಾರ್ಮ್' ಹೋಗಿತ್ತು, ಬಿಲ್ಲಿನ ಮೊತ್ತ ಮುಂದಿನ ಹಾಳೆಯ ನೆತ್ತಿಯ ಮೇಲೆ ಬೀಳ್ತಿತ್ತು. ಲೆಕ್ಕ? ಆಗಸ್ಟಿನ ಪೆನ್‌ಡ್ರೈವ್ ಬ್ಯಾಕಪ್ ಒಂದು ಇತ್ತು. ಆಮೇಲಿನ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಹೀಗೆ ಎಲ್ಲ ನಮೂನೆ ಅಡಿಕೆಯ ವೋಚರೂ ಕಾಗದ ನೋಡಿ ಮತ್ತೆ ಕುಟ್ಟಿದ್ದು.

ಸರಿಯಾಗಿ ಮಾಡೋದು ಹೇಗೆ ಅಂತ ಕೇಳಿದರೆ, ಅಂಗಡಿಗೆ ಹೋಗದೆ ಮಾಡಿ. ಪಿಸಿ ಹೆಲ್ತ್ ಚೆಕ್ ಹಾಕಿ ಮಷಿನ್ನು ಹನ್ನೊಂದಕ್ಕೆ ಆಗ್ತದೋ ನೋಡಿ. ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಚುಚ್ಚಿ, ಕಂಟ್ರೋಲ್ ಪ್ಯಾನೆಲ್ಲಿನ 'ಬ್ಯಾಕಪ್ ಆ್ಯಂಡ್ ರಿಸ್ಟೋರ್ (ವಿಂಡೋಸ್ 7)' ಅಂತಿರುವಲ್ಲಿ ಸಿಸ್ಟಮ್ ಇಮೇಜ್ (ಇಡೀ ವಿಂಡೋಸಿನ ನಕಲು) ಮಾಡಿ. ಹೆಸರು ಹಳೇದು, ಕೆಲಸ ಮಾಡ್ತದೆ. ಟ್ಯಾಲಿಯ ಡಾಟಾ ಫೋಲ್ಡರನ್ನು ಬೇರೆಯಾಗಿ ಪೆನ್‌ಡ್ರೈವಿಗೂ ಹಾಕಿ, ಸೀರಿಯಲ್ ನಂಬರು ಮತ್ತು ಟ್ಯಾಲಿ ಡಾಟ್ ನೆಟ್ ಐಡಿ ಕಾಗದದಲ್ಲಿ ಬರೆದಿಡಿ. ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕಿಗೆ ಹಾಕುವ ಬೀಗ) ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಬರೆದುಕೊಂಡು ಸಸ್ಪೆಂಡ್ ಮಾಡಿ, ಬಯಾಸ್ ಮುಟ್ಟುವ ಮುಂಚೆಯೇ. ಹೊರಗಿನ ಆಂಟಿವೈರಸ್ ತೆಗೆಯಿರಿ. ಸಿ ಡ್ರೈವಿನಲ್ಲಿ 30 ಜಿಬಿಯಾದರೂ ಖಾಲಿ ಇರಲಿ. ಮೈಕ್ರೋಸಾಫ್ಟ್ ತಾಣದಿಂದಲೇ ಐಎಸ್‌ಒ (ಇಡೀ ವಿಂಡೋಸ್ 11 ಇರುವ ಒಂದೇ ಫೈಲು) ಇಳಿಸಿ. 5 ಜಿಬಿ ದಾಟ್ತದೆ, ಹಳ್ಳಿ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿದರೆ ರಾತ್ರಿ ಬೆಳಗಾಗ್ತದೆ, ಪೇಟೆಗೆ ಬಂದಾಗ ಇಳಿಸಿಕೊಳ್ಳಿ.

ಇನ್ನು ಮುಖ್ಯವಾದದ್ದು. ಪೆನ್‌ಡ್ರೈವಿನಿಂದ ಬೂಟ್ ಮಾಡಬೇಡಿ. ಹಾಗೆ ಬೂಟ್ ಮಾಡಿದರೆ ಪ್ರೋಗ್ರಾಂ ಉಳಿಸಿಕೊಳ್ಳುವ ದಾರಿಯೇ ಇಲ್ಲ. ವಿಂಡೋಸ್ 10 ಓಡ್ತಾ ಇರುವಾಗಲೇ ಐಎಸ್‌ಒ ಮೇಲೆ ಬಲಕ್ಲಿಕ್, ಮೌಂಟ್, ಒಳಗಿನ ಸೆಟಪ್ ಓಡಿಸಿ. ಕೊನೆಯ 'ರೆಡಿ ಟು ಇನ್‌ಸ್ಟಾಲ್' ಪರದೆಯಲ್ಲಿ 'ಕೀಪ್ ಪರ್ಸನಲ್ ಫೈಲ್ಸ್ ಆ್ಯಂಡ್ ಆ್ಯಪ್ಸ್' ಅಂತ ಇರಲೇಬೇಕು. 'ಆ್ಯಪ್ಸ್' ಅನ್ನೋ ಶಬ್ದ ಇದೆಯಾ ನೋಡಿ. ಇಲ್ಲದಿದ್ದರೆ, ಅಥವಾ ಆ ಸಾಲು ಬೂದು ಬಣ್ಣಕ್ಕಿದ್ದರೆ ಅಲ್ಲೇ ನಿಲ್ಲಿಸಿ. ಸಾಮಾನ್ಯ ಕಾರಣ ಭಾಷೆ: ಮಷಿನ್ನಿನಲ್ಲಿ ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್ ಇರ್ತದೆ, ಇಳಿಸಿದ್ದು ಇಂಗ್ಲಿಷ್ ಇಂಟರ್‌ನ್ಯಾಷನಲ್. ಎರಡೂ ಇಂಗ್ಲಿಷೇ ಅಲ್ವಾ ಅಂದರೆ ಸೆಟಪ್ ಕೇಳೋದಿಲ್ಲ. ಹಳೇ ವಿಂಡೋಸ್ 32 ಬಿಟ್ ಆಗಿದ್ದರೂ ಉಳಿಯೋದಿಲ್ಲ, ಮೊದಲು ಹೇಳಿದ್ದಕ್ಕೆ ಇದು ಅಪವಾದ, ಅದಕ್ಕೆ ಹೊಸದಾಗಿ ಹಾಕೋದೇ ಗತಿ, ಆಗ ಟ್ಯಾಲಿ ಲೈಸೆನ್ಸ್ ಮೊದಲು ಸರೆಂಡರ್ ಮಾಡಿ (ಆ ಮಷಿನ್ನಿನಿಂದ ಬಿಡಿಸಿ).

ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ಎಸ್‌ಎಸ್‌ಡಿಯಾದರೆ ಒಂದೂವರೆ ತಾಸು ಇಟ್ಟುಕೊಳ್ಳಿ, ನಡುವೆ ಎಷ್ಟೋ ಸಲ ರೀಸ್ಟಾರ್ಟ್ ಆಗ್ತದೆ. ನಮ್ಮ ಕಡೆ ಮಳೆ ಗಾಳಿಗೆ ಕರೆಂಟು ಯಾವ ಹೊತ್ತಿಗೆ ಹೋಗ್ತದೆ ಹೇಳೂಕಾಗ. ಅರ್ಧಕ್ಕೆ ನಿಂತು 0ಎಕ್ಸ್‌ಸಿ1900101ರಿಂದ ಶುರುವಾಗುವ ಎರರ್ ಬಂದು ಹಳೇದಕ್ಕೇ ವಾಪಸ್ ಬಂದರೆ ಗಾಬರಿ ಬೇಡ, ಯಾವುದೋ ಡ್ರೈವರಿನ ತಕರಾರು. ಪ್ರಿಂಟರ್, ಟೋಕನ್, ಪೆನ್‌ಡ್ರೈವ್ ಎಲ್ಲ ಕಿತ್ತು ಇನ್ನೊಮ್ಮೆ ಮಾಡಿ.

ಅಂಗಡಿಗೇ ಕೊಡಬೇಕಾದರೆ 'ಪ್ರೋಗ್ರಾಂ ಉಳಿಸಿ ಅಪ್‌ಗ್ರೇಡ್' ಅಂತ ರಸೀದಿಯಲ್ಲಿ ಬರೆಸಿ. ನಮ್ಮ ರಸೀದಿ ಬಿಡಿಸಿ ನೋಡಿದಾಗ ಅದರಲ್ಲಿದ್ದದ್ದು 'ಓಎಸ್ ಇನ್‌ಸ್ಟಾಲೇಶನ್'. ಅಪ್‌ಗ್ರೇಡ್ ಅನ್ನೋ ಶಬ್ದವೇ ಇಲ್ಲ. ಹಿಂದುಗಡೆ ಸಣ್ಣಕ್ಷರದಲ್ಲಿ, ಡಾಟಾಗೆ ಗಿರಾಕಿಯೇ ಜವಾಬ್ದಾರ. ದುಡ್ಡು ವಾಪಸ್ ಕೇಳಿದ್ದಕ್ಕೆ ಅದನ್ನೇ ಓದಿ ಹೇಳಿದ. ಮೊನ್ನೆ ಮತ್ತೆ ಅವನದೇ ಫೋನು: "ಸರ್, ಪ್ರಿಂಟರ್ ಸೆಟ್ಟಿಂಗ್ ಮಾಡ್ಕೊಡ್ಲಾ? ಮುನ್ನೂರು ಆಗ್ತದೆ."