ನಾಲ್ಕು ಗಂಟೆಯ ಹಸಿವಿಗೆ ಒಂದು ಚಮಚ ಎಣ್ಣೆ: ಶಾಂಗ್ರಿ-ಲಾ ಡಯಟ್ ಮಾಡಿ ನೋಡಿದೆ

ಹಸಿವು ಕಡಿಮೆ ಮಾಡುತ್ತೇವೆ ಅಂತ ಹೇಳುವ ಡಯಟ್‌ಗಳು ಬೇಕಾದಷ್ಟುಂಟು. ನನಗೆ ನಿಜವಾಗಿ ಹಸಿವು ಇಳಿದದ್ದು ಶಾಂಗ್ರಿ-ಲಾ ಡಯಟ್‌ನಲ್ಲಿ. ಹಾಗಂತ ಎಲ್ಲರಿಗೂ ಮಾಡಿ ಅಂತ ಹೇಳುವುದಿಲ್ಲ.

ಕ್ರಮ ಸುಲಭ. ರುಚಿ, ವಾಸನೆ ಇಲ್ಲದ ಎಣ್ಣೆಯನ್ನು ದಿನಕ್ಕೆ ಒಂದೆರಡು ದೊಡ್ಡ ಚಮಚ ಕುಡಿಯಬೇಕು. ಅದಕ್ಕಿಂತ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಬಾಯಿಗೆ ಯಾವ ರುಚಿಯೂ ತಾಗಬಾರದು, ಟೂತ್‌ಪೇಸ್ಟ್ ಕೂಡ. ಸಾದಾ ನೀರು ಮಾತ್ರ ಆಗಬಹುದು. ಉಳಿದಂತೆ ಊಟ ತಿಂಡಿಗೆ ಅಡ್ಡಿಯಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಸೇಥ್ ರಾಬರ್ಟ್ಸ್ ಎನ್ನುವವರು ತಮ್ಮ ಮೇಲೆಯೇ ಪ್ರಯೋಗ ಮಾಡಿ 2006ರಲ್ಲಿ ಇದನ್ನು ಪುಸ್ತಕವಾಗಿ ತಂದರು. ಮೊದಲು ಅವರು ಮಾಡಿದ್ದು ಸಕ್ಕರೆ ನೀರಿನಲ್ಲಿ, ಬರೀ ಸಿಹಿಯನ್ನು ಅವರು ರುಚಿಯ ಲೆಕ್ಕಕ್ಕೆ ಹಿಡಿಯಲಿಲ್ಲ. ಪರಿಚಯದ ರುಚಿ ಸಿಕ್ಕಿದ ಕೂಡಲೇ ಹಿಂದೆಯೇ ಕ್ಯಾಲೊರಿ ಬರುತ್ತದೆ ಅಂತ ಮೆದುಳು ಕಲಿತಿರುತ್ತದೆ, ಆ ನಂಟು ಗಟ್ಟಿಯಾದಷ್ಟೂ ಹಸಿವು ಜಾಸ್ತಿ, ರುಚಿಯೇ ಇಲ್ಲದೆ ಕ್ಯಾಲೊರಿ ಒಳಗೆ ಹೋದರೆ ಹಸಿವು ತಗ್ಗುತ್ತದೆ ಎನ್ನುವುದು ಅವರ ವಾದ. ಇದನ್ನು ಸಾಬೀತು ಮಾಡಿದ ದೊಡ್ಡ ವೈದ್ಯಕೀಯ ಪರೀಕ್ಷೆ ಯಾವುದೂ ಇಲ್ಲ. ಕೊಬ್ಬು ಸಣ್ಣ ಕರುಳಿಗೆ ಇಳಿದಾಗ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ ಎನ್ನುವುದು ಮಾತ್ರ ಖಚಿತ. ನನಗೆ ಉಪಕಾರ ಆದದ್ದು ಅದರಿಂದಲೂ ಇರಬಹುದು.

ಯಾವ ಎಣ್ಣೆ ಅನ್ನುವುದು ನಮ್ಮೂರಲ್ಲಿ ಮುಖ್ಯ ಪ್ರಶ್ನೆ. "ಎಣ್ಣೆ ಕುಡಿದು ಯಾರಾದರೂ ಸಪೂರ ಆಗ್ತಾರಾ ಮಾರಾಯ್ತಿ?" ಅಂತ ಕೇಳಿದ ಅತ್ತೆಯೇ ಗಾಣದ ತೆಂಗಿನೆಣ್ಣೆಯ ಬಾಟಲಿ ಎದುರಿಗೆ ಇಟ್ಟರು. ಅದು ಆಗುವುದಿಲ್ಲ. ಅದರ ಪರಿಮಳಕ್ಕೇ ಬಾಯಲ್ಲಿ ನೀರೂರುತ್ತದೆ. ನಾನು ತಂದದ್ದು ರಿಫೈನ್ಡ್ ಸೂರ್ಯಕಾಂತಿ ಎಣ್ಣೆ. ಯಾವುದೇ ಎಣ್ಣೆಯಾದರೂ ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ ಉಂಟು, ಅದು ನೆನಪಿರಲಿ. ಮನೆಯ ಜೀರಿಗೆ ನೀರನ್ನೂ ಆ ಹೊತ್ತಿಗೆ ಬಿಡಬೇಕಾಯಿತು.

ಚಮಚವನ್ನು ನಾಲಿಗೆಯ ಹಿಂಭಾಗಕ್ಕೆ ಒಯ್ದು ಒಂದೇ ಗುಟುಕಿಗೆ ನುಂಗಿ, ಹಿಂದಿನಿಂದ ಉಗುರುಬೆಚ್ಚಗಿನ ನೀರು ಕುಡಿದರೆ ಕಷ್ಟ ಇಲ್ಲ. ತುಟಿಯ ಮೇಲೆ ಜಿಡ್ಡು ಮಾತ್ರ ನಿಲ್ಲುತ್ತದೆ. ಎರಡು ಚಮಚಕ್ಕೆ ಹೊಟ್ಟೆ ತೊಳೆಸುತ್ತಿತ್ತು, ಒಂದೇ ಸಾಕು ಮಾಡಿದೆ.

ನಾನು ಮಂಗಳೂರಿನ ಬಂದರಿನಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುವವಳು. ನಾಲ್ಕು ಗಂಟೆಗೆ ಚಹಾದ ಜೊತೆ ಗೋಳಿಬಜೆ ಬರುತ್ತದೆ, ವರ್ಷಗಟ್ಟಲೆಯಿಂದ ಒಂದೇ ಹೋಟೆಲಿನದ್ದು, ಒಂದೇ ರುಚಿಯದ್ದು. ರಾಬರ್ಟ್ಸ್ ಹೇಳಿದ ನಂಟು ಅಂದರೆ ನನಗೆ ಇದೇ. ಮೂರೂವರೆಗೇ ಕಣ್ಣು ಬಾಗಿಲಿನ ಕಡೆ ಹೋಗುತ್ತಿತ್ತು. ಹನ್ನೆರಡೂವರೆಗೆ ಊಟ, ಎರಡಕ್ಕೆ ಎಣ್ಣೆ ಅಂತ ಮಾಡಿಕೊಂಡು ಸ್ವಲ್ಪ ದಿನ ಕಳೆದ ಮೇಲೆ ಒಂದು ಸಂಜೆ ಒಂದು ಬಜೆ ಮುರಿದು ಚಟ್ನಿಯಲ್ಲಿ ಅದ್ದಿ ತಿಂದೆ, ಇನ್ನೊಂದಕ್ಕೆ ಕೈ ಹೋಗಲಿಲ್ಲ. ರುಚಿ ಮೊದಲಿನ ಹಾಗೆಯೇ ಇತ್ತು, ಸೆಳೆತ ಇರಲಿಲ್ಲ. ಹಸಿವಿನ ಜೊತೆ ಜಗಳ ಆಡದೆ ತಟ್ಟೆ ಪಕ್ಕಕ್ಕೆ ಸರಿಸಿದ್ದು ನನಗೆ ತುಂಬಾ ದೊಡ್ಡ ವಿಷಯ. ಮಳೆಗಾಲ ಮುಗಿಯುವಾಗ ತೂಕ ನಾಲ್ಕು ಕಿಲೋ ಇಳಿದಿತ್ತು.

ಆದಿತ್ಯವಾರ ಮಾತ್ರ ಇದು ನಡೆಯುವುದಿಲ್ಲ. ಕೋರಿ ರೊಟ್ಟಿ ಮಾಡುವ ದಿನ ಬೆಳಿಗ್ಗೆಯಿಂದ ಬಾಯಿಗೆ ಏನಾದರೊಂದು ಬೀಳುತ್ತಲೇ ಇರುತ್ತದೆ, ಸಾರಿನ ಉಪ್ಪು ಹುಳಿ ನೋಡದೆ ಆಗುವುದೂ ಇಲ್ಲ. ಇಡೀ ದಿನ ಅಡುಗೆಮನೆಯಲ್ಲಿ ಇರುವವರಿಗೆ ರುಚಿಯಿಲ್ಲದ ಎರಡು ಗಂಟೆ ಎಲ್ಲಿ ಸಿಗಬೇಕು? ಮದುವೆ ಊಟದಲ್ಲಿ ಬಡಿಸುವವರ ಒತ್ತಾಯಕ್ಕೂ ಎಣ್ಣೆ ಮದ್ದಲ್ಲ.

ಪಿತ್ತಕೋಶದಲ್ಲಿ ಕಲ್ಲು ಇರುವವರು ಇದರ ಹತ್ತಿರ ಹೋಗಬೇಡಿ. ಕೊಬ್ಬು ಒಳಗೆ ಹೋದಾಗ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ನೋವು ಏಳುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ನೀರಿನ ಕ್ರಮ ಬೇಡವೇ ಬೇಡ. ನನ್ನ ನಾದಿನಿ ನಾನೂ ಶುರು ಮಾಡಲಾ ಅಂತ ಕೇಳಿದಳು. ಮೊದಲು ಡಾಕ್ಟರಿಗೆ ಕೇಳು, ಹೊಟ್ಟೆಯ ಸ್ಕ್ಯಾನಿಂಗ್ ಬೇಕಾ ಅಂತ ಅವರೇ ಹೇಳಲಿ ಅಂದೆ.