ಎಲಿಪ್ಟಿಕಲ್ ತರಿಸುವ ಹಾಸನದವರೇ, ‘ಉಚಿತ ಇನ್‌ಸ್ಟಲೇಶನ್’ ಮಾತು ನಂಬಬೇಡಿ

ಹಾಸನ, ಚಿಕ್ಕಮಗಳೂರು ಕಡೆಯವರು ಯಾರಾದರೂ ಮನೆಗೆ ಎಲಿಪ್ಟಿಕಲ್ ಟ್ರೈನರ್ (ನಿಂತುಕೊಂಡು ಪೆಡಲ್ ತುಳಿಯುವ ವ್ಯಾಯಾಮದ ಮಷಿನ್) ಆನ್‌ಲೈನ್‌ನಲ್ಲಿ ತರಿಸೋ ಯೋಚನೆಯಲ್ಲಿದ್ದರೆ ಸ್ವಲ್ಪ ತಡೀರಿ. ಇದನ್ನು ಓದಿ, ಆಮೇಲೆ ದುಡ್ಡು ಕಟ್ಟಿ. ಉಚಿತ ಇನ್‌ಸ್ಟಲೇಶನ್, ಒಂದು ವರ್ಷ ವಾರಂಟಿ. ಈ ಎರಡು ಮಾತು ನಂಬಿ ನಾವು 28 ಸಾವಿರ ಕೊಟ್ಟೆವು. ಇನ್‌ಸ್ಟಲೇಶನ್‌ಗೆ ಯಾರೂ ಬರಲಿಲ್ಲ. ಅವರ ಟೆಕ್ನಿಷಿಯನ್ ಜೋಡಿಸಿಲ್ಲ ಅನ್ನೋ ಕಾರಣಕ್ಕೆ ವಾರಂಟಿಯೂ ಇಲ್ಲ ಅಂದರು. ಜನ ಕಳಿಸದೇ ಇದ್ದವರು ಅವರು, ವಾರಂಟಿ ಕಳಕೊಂಡವರು ನಾವು. ಇದನ್ನು ಬರೆಯುವಾಗಲೂ ಮೈ ಉರಿಯುತ್ತಿದೆ.

ಅಂಗಡಿ ಹೆಸರು ಇಲ್ಲಿ ಹಾಕುತ್ತಿಲ್ಲ, ದೂರು ನಡೀತಾ ಇದೆ. ಆದರೆ ನಡೆದದ್ದು ನಡೆದ ಹಾಗೇ ಹೇಳುತ್ತೇನೆ.

ನಮ್ಮ ಯಜಮಾನರಿಗೆ ಮಂಡಿ ನೋವು. ಟ್ರೆಡ್‌ಮಿಲ್ ಬೇಡ, ಎಲಿಪ್ಟಿಕಲ್ ನೋಡಿ ಅಂತ ಫಿಸಿಯೋಥೆರಪಿಸ್ಟ್ ಹೇಳಿದರು. ಅದರಲ್ಲಿ ಪಾದ ಪೆಡಲ್ ಬಿಟ್ಟು ಮೇಲೆ ಏಳೋದಿಲ್ಲ, ಹಾಗಾಗಿ ಮಂಡಿಗೆ ಪೆಟ್ಟು ಕಡಿಮೆ. ಮಳೆ ಹಿಡಿದರೆ ಮಹಾರಾಜ ಪಾರ್ಕಿನ ವಾಕಿಂಗೂ ನಿಂತುಹೋಗುತ್ತೆ ಅಲ್ವಾ, ಮನೆಯಲ್ಲೇ ಇರಲಿ ಅಂದುಕೊಂಡೆವು.

ದುಡ್ಡು ಕಟ್ಟುವ ಮೊದಲೇ ನಾನು ಫೋನ್ ಮಾಡಿ ಕೇಳಿದ್ದೆ. ಸುಮ್ನೆ ಅಲ್ಲ, ಬಿಡಿಸಿ ಬಿಡಿಸಿ ಕೇಳಿದ್ದೆ. ‘ನಾವಿರೋದು ಬೆಂಗಳೂರಲ್ಲಿ ಅಲ್ಲ, ಹಾಸನದಲ್ಲಿ. ಇಲ್ಲಿಗೆ ಬಂದು ಜೋಡಿಸಿ ಕೊಡ್ತೀರಾ?’ ಆ ಕಡೆಯ ಹುಡುಗ ಚೆಂದದ ಕನ್ನಡದಲ್ಲಿ ಪಿನ್‌ಕೋಡ್ ಕೇಳಿದ. 573201 ಅಂದೆ. ಸ್ವಲ್ಪ ಹೊತ್ತು ಚೆಕ್ ಮಾಡಿ ‘ಖಂಡಿತಾ ಮೇಡಂ, ಡೆಲಿವರಿ ಆದ ಎರಡು ದಿನದಲ್ಲಿ ಟೆಕ್ನಿಷಿಯನ್ ಬರ್ತಾರೆ, ನೀವು ಬಾಕ್ಸ್ ಕೂಡ ಬಿಚ್ಚಬೇಡಿ’ ಅಂದ. ಇದಕ್ಕಿಂತ ಜಾಸ್ತಿ ಗ್ರಾಹಕರು ಏನು ಕೇಳಬೇಕು? ದುಡ್ಡು ಹೋದ ಮೇಲೆ ಆ ಕನ್ನಡದ ಹುಡುಗ ಮತ್ತೆ ಸಿಗಲೇ ಇಲ್ಲ. ಕನ್ನಡ ಬರುವವರೇ ಸಿಗಲಿಲ್ಲ.

ಬಾಕ್ಸ್ ಬಂತು. ಇಬ್ಬರು ಹಿಡಿದರೂ ಏಳದಷ್ಟು ಭಾರ. ಗೇಟಿನ ಹತ್ತಿರ ಇಳಿಸಿ, ಮೇಲಕ್ಕೆ ಹೊತ್ತು ಹಾಕೋದು ನಮ್ಮ ಕೆಲಸ ಅಲ್ಲ ಅಂತ ಹೋದರು. ಅದು ಹೋಗಲಿ, ಎಲ್ಲ ಕಡೆ ಇದೇ ಕಥೆ. ಟೆಕ್ನಿಷಿಯನ್ ಮಾತ್ರ ಪತ್ತೆ ಇಲ್ಲ. ಫೋನ್ ಮಾಡಿದರೆ ಇವತ್ತು, ನಾಳೆ, ಸೋಮವಾರ. ಕೊನೆಗೆ ಒಬ್ಬಾಕೆ ಹೇಳಿದಳು: ‘ನಿಮ್ಮ ಪಿನ್‌ಕೋಡ್‌ಗೆ ನಮ್ಮ ಸರ್ವಿಸ್ ಇಲ್ಲ.’ ಅದೇ ಪಿನ್‌ಕೋಡ್! ದುಡ್ಡು ಕಟ್ಟುವ ಮೊದಲು ಚೆಕ್ ಮಾಡಿ ‘ಖಂಡಿತಾ’ ಅಂದಿದ್ದ ಅದೇ ಪಿನ್‌ಕೋಡ್!

ಹಾಗಾದರೆ ವಾಪಸ್ ತಗೊಳ್ಳಿ ಅಂದೆ. ವಾಪಸ್ ಮಾಡುವ ಅವಧಿ ಮುಗಿದಿದೆಯಂತೆ. ಇವತ್ತು ನಾಳೆ ಅಂತ ಅವರೇ ತಳ್ಳಿದ ದಿನಗಳೆಲ್ಲ ಆ ಅವಧಿಯಲ್ಲೇ ಕಳೆದುಹೋಗಿದ್ದವು. ‘ಚಿಂತೆ ಬೇಡ ಮೇಡಂ, ವಾಟ್ಸಾಪ್‌ಗೆ ವಿಡಿಯೋ ಕಳಿಸ್ತೀವಿ, ತುಂಬಾ ಸುಲಭ, ನೀವೇ ಜೋಡಿಸಿಕೊಳ್ಳಿ, ವಾರಂಟಿಗೆ ಏನೂ ತೊಂದರೆ ಇಲ್ಲ’ ಅಂದಳು. ಫೋನಿನಲ್ಲಿ ಅಂದಳು. ಇದನ್ನು ನೆನಪಿಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದದ್ದು ವಿಡಿಯೋ ಮಾತ್ರ.

ಜೋಡಿಸಿದೆವು. ನಾನು, ಯಜಮಾನರು, ಮೈದುನ ಮೂರು ಜನ ಸೇರಿ. ಮೈದುನ ಡಿಪ್ಲೊಮಾ ಮೆಕ್ಯಾನಿಕಲ್ ಓದಿದವನು, ಸ್ಪ್ಯಾನರ್ ಹಿಡಿದು ಗೊತ್ತಿರೋನು. ಪುಸ್ತಕದಲ್ಲಿ ಹೇಳಿದ ಹಾಗೆ ಮುಂದಿನ ಹಿಂದಿನ ಸ್ಟೆಬಿಲೈಸರ್, ಅಂದರೆ ಮಷಿನ್ ಅಲ್ಲಾಡದ ಹಾಗೆ ನೆಲಕ್ಕೆ ಕೂರುವ ಅಡ್ಡಪಟ್ಟಿ, ಹಾಕಿದೆವು. ನಡುವಿನ ಕಂಬದೊಳಗೆ ಸೆನ್ಸರ್ ವೈರು ಹೋಗುತ್ತೆ, ಕಂಬ ಇಳಿಸುವಾಗ ಅದು ಸಿಕ್ಕಿಕೊಂಡು ತುಂಡಾದರೆ ಮೀಟರಿನಲ್ಲಿ ಸ್ಪೀಡೇ ಬರೋದಿಲ್ಲ, ಅದಕ್ಕೆ ಒಬ್ಬರು ವೈರು ಹಿಡಿದುಕೊಂಡೇ ನಿಂತಿದ್ದೆವು. ಎಡಗಡೆ ಪೆಡಲ್ ಸೇರುವ ಬೋಲ್ಟಿಗೆ ಥ್ರೆಡ್ ಉಲ್ಟಾ ಇರುತ್ತೆ, ಸೈಕಲ್ಲಿನ ಎಡ ಪೆಡಲ್ ಥರ. ಗೊತ್ತಿಲ್ಲದವರು ಬಲಕ್ಕೆ ಒತ್ತಿ ತಿರುಗಿಸಿದರೆ ಥ್ರೆಡ್ ಸತ್ತುಹೋಗುತ್ತೆ. ಅವರ ವಿಡಿಯೋದಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ! ಬೋಲ್ಟಿನ ತಲೆ ಮೇಲೆ ‘ಎಲ್’ ಅಂತ ಸಣ್ಣಕ್ಕೆ ಕೊರೆದಿದ್ದನ್ನು ಮೈದುನ ನೋಡಿದ್ದಕ್ಕೆ ಉಳಿಯಿತು.

ಮೊದಲ ವಾರ ಚೆನ್ನಾಗೇ ಓಡಿತು. ಆಮೇಲೆ ಎಡಗಡೆಯಿಂದ ಟಕ್, ಟಕ್. ಪ್ರತಿ ಸುತ್ತಿಗೆ ಒಂದು ಟಕ್. ನಾವು ಹಾಕಿದ ಬೋಲ್ಟ್ ಎಲ್ಲ ನೋಡಿದೆವು, ಒಂದೂ ಸಡಿಲ ಆಗಿರಲಿಲ್ಲ. ಹತ್ತಿ ತುಳಿದರೆ ಪೆಡಲ್ ಪಕ್ಕಕ್ಕೆ ವಾಲೋಕೆ ಶುರುವಾಯಿತು. ಮಂಡಿ ನೋವಿಗೆ ಅಂತ ತಂದದ್ದು, ಯಜಮಾನರು ಕಾಲು ಇಡೋಕೇ ಹೆದರಿದರು.

ನಮ್ಮ ಬೀದಿ ತುದಿಯ ಸೈಕಲ್ ಅಂಗಡಿಯವರನ್ನು ಕರೆದುಕೊಂಡು ಬಂದೆವು. ಅವರು ಮೊದಲು ಕೈ ಹಾಕಿದ್ದೇ ಕ್ರ್ಯಾಂಕಿನ, ಅಂದರೆ ಪೆಡಲ್ ಜೊತೆ ತಿರುಗುವ ತೋಳಿನ, ನಡುವೆ ಇರೋ ಪ್ಲಾಸ್ಟಿಕ್ ಮುಚ್ಚಳಕ್ಕೆ. ಅದನ್ನು ಕಿತ್ತರು. ಒಳಗೆ ನಟ್ಟು ಬೆರಳಲ್ಲೇ ತಿರುಗುತ್ತಿತ್ತು. ಕ್ರ್ಯಾಂಕ್ ಆಚೆ ಎಳೆದರೆ ಚೌಕ ಇರಬೇಕಾದ ತೂತು ಸವೆದು ಮೂಲೆಗಳೇ ಉಳಿದಿರಲಿಲ್ಲ, ಸುತ್ತ ಬೆಳ್ಳಗೆ ಹೊಳೆಯುವ ಕಬ್ಬಿಣದ ಪುಡಿ. ‘ಇದನ್ನ ನೀವು ಹಾಕಿದ್ದಲ್ಲ ಅಕ್ಕಾ, ಇದು ಕಂಪನಿಯಿಂದಲೇ ಫಿಟ್ ಆಗಿ ಬಂದಿರೋದು. ಅಲ್ಲೇ ಟೈಟ್ ಮಾಡಿಲ್ಲ. ಸಡಿಲ ಇದ್ದಾಗ ತುಳಿದರೆ ತಿಂದುಹಾಕುತ್ತೆ, ಈಗ ಎಷ್ಟು ಟೈಟ್ ಮಾಡಿದರೂ ನಿಲ್ಲಲ್ಲ, ಕ್ರ್ಯಾಂಕೇ ಬದಲಾಯಿಸಬೇಕು’ ಅಂದರು. ಜೋಡಿಸುವ ಪುಸ್ತಕ ಮತ್ತೆ ತೆಗೆದು ನೋಡಿದೆ. ನಿಜ. ಚಿತ್ರದಲ್ಲೇ ಕ್ರ್ಯಾಂಕು ಫ್ಲೈವೀಲ್ (ಒಳಗೆ ತಿರುಗುವ ಭಾರದ ಚಕ್ರ) ಡಬ್ಬಿಗೆ ಮೊದಲೇ ಕೂತಿದೆ. ನಾವು ಕೈಯಿಟ್ಟ ಭಾಗವೇ ಅಲ್ಲ ಅದು.

ಫೋಟೋ, ವಿಡಿಯೋ ಎಲ್ಲ ಕಳಿಸಿದೆ. ಬಂದ ಉತ್ತರ: ‘ಅಧಿಕೃತ ಟೆಕ್ನಿಷಿಯನ್ ಜೋಡಿಸದ ಕಾರಣ ವಾರಂಟಿ ಅನ್ವಯಿಸುವುದಿಲ್ಲ.’

ನೀವೇ ಜೋಡಿಸಿ ಅಂದಿರಲ್ಲ ಅಂದೆ. ‘ನಮ್ಮ ದಾಖಲೆಯಲ್ಲಿ ಹಾಗೆ ಇಲ್ಲ ಮೇಡಂ.’

ವಿಡಿಯೋ ಕಳಿಸಿದ್ದು ನೀವೇ ಅಲ್ವಾ ಅಂದೆ. ‘ವಿಡಿಯೋ ಮಾಹಿತಿಗೆ ಮಾತ್ರ ಮೇಡಂ.’

ಮಾಹಿತಿಗೆ ಮಾತ್ರ! ಟೆಕ್ನಿಷಿಯನ್ ಯಾವಾಗ ಬರ್ತಾರೆ ಅಂತ ನಾನು ಕೇಳಿದ ಮೆಸೇಜಿನ ಕೆಳಗೇ ಆ ವಿಡಿಯೋ ಇದೆ. ಅದನ್ನು ಇನ್ಯಾವುದಕ್ಕೆ ಕಳಿಸಿದರು? ಬಾವಿಗೆ ಇಳಿಸಿ ಹಗ್ಗ ಕುಯ್ದ ಹಾಗಾಯಿತು. ಆ ಉತ್ತರ ಓದಿದಾಗ ಯಜಮಾನರಿಗೆ ತೋರಿಸೋಕೂ ನನಗೆ ಮುಜುಗರ. ದುಡ್ಡು ಹೋದ ಸಂಕಟಕ್ಕಿಂತ ಇದು ಜಾಸ್ತಿ ಚುಚ್ಚಿತು. ಸಣ್ಣ ಊರಿನವರು, ಫೋನಿನಲ್ಲಿ ಎರಡು ಮಾತು ಗಟ್ಟಿಯಾಗಿ ಹೇಳಿದರೆ ಸುಮ್ಮನಾಗುತ್ತಾರೆ ಅಂತ ಲೆಕ್ಕ ಹಾಕಿದ್ದಾರೆ.

ಆಮೇಲೆ ಇನ್ನೊಬ್ಬರು ಫೋನ್ ಮಾಡಿ ಬೆಂಗಳೂರಿಂದ ಜನ ಕಳಿಸ್ತೀವಿ, ಬಂದು ಹೋಗೋ ಖರ್ಚು 3,500, ಕ್ರ್ಯಾಂಕಿಗೆ ಬೇರೆ ಅಂದರು. ಅಂದರೆ ದುಡ್ಡು ಕೊಟ್ಟರೆ ಇದೇ ಪಿನ್‌ಕೋಡಿಗೆ ಜನ ಬರ್ತಾರೆ!

ಸುಮ್ಮನಾಗಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಜೊತೆಗೆ ಅಂಗಡಿಯ ದೂರು ಅಧಿಕಾರಿಗೆ ಇಮೇಲ್ ಹಾಕಿದೆ. ಆನ್‌ಲೈನ್ ಮಾರಾಟಕ್ಕೆ ಅಂತಲೇ 2020ರ ಇ-ಕಾಮರ್ಸ್ ನಿಯಮ ಇದೆ. ದೂರು ತಲುಪಿದೆ ಅಂತ 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ‘ಕೇಸ್ ಹಾಕೋದಾದರೆ ನಮ್ಮ ಊರಿಗೆ ಬನ್ನಿ’ ಅಂತ ಅವರ ಕಡೆಯವನೊಬ್ಬ ಹೆದರಿಸಿದ್ದ. ಅದೂ ಸುಳ್ಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ಇರೋ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ. ಇಷ್ಟು ಗೊತ್ತಿದ್ದರೆ ಯಾರೂ ಹೆದರಿಸೋಕೆ ಆಗಲ್ಲ.

ತಗೊಳ್ಳಲೇಬೇಕು ಅನ್ನೋರು ಕಣ್ಣೆದುರು ಅಂಗಡಿ ಇರೋ ಕಡೆ ತಗೊಳ್ಳಿ, ಎರಡು ಸಾವಿರ ಜಾಸ್ತಿ ಆದರೂ ಪರವಾಗಿಲ್ಲ. ಅಂಗಡಿಯಲ್ಲಿ ಹತ್ತಿ ತುಳಿದೂ ನೋಡಬಹುದು. ನಮ್ಮದರಲ್ಲಿ ಹೆಜ್ಜೆಯ ಉದ್ದ ತೀರಾ ಗಿಡ್ಡ, ಉದ್ದ ಕಾಲಿನವರಿಗೆ ಮೆಟ್ಟಿಲು ಹತ್ತಿದ ಹಾಗಾಗುತ್ತೆ. ಆನ್‌ಲೈನೇ ಆದರೆ ಟೆಕ್ನಿಷಿಯನ್ ಬರುವ ವಿಷಯ ಬರಹದಲ್ಲಿ ತರಿಸಿಕೊಳ್ಳಿ. ‘ನೀವೇ ಜೋಡಿಸಿ’ ಅಂದರೆ ‘ಜೋಡಿಸಿದರೂ ವಾರಂಟಿ ಇದೆ’ ಅಂತ ಇಮೇಲ್ ಬರುವವರೆಗೆ ಸ್ಪ್ಯಾನರ್ ಮುಟ್ಟಬೇಡಿ. ಫೋನಿನಲ್ಲಿ ಸಿಹಿಯಾಗಿ ಮಾತಾಡುವವರ ಮಾತು ಅಲ್ಲೇ ಮುಗಿಯುತ್ತೆ. ಬಾಕ್ಸ್ ಬಿಚ್ಚಿದ ದಿನವೇ ಕ್ರ್ಯಾಂಕಿನ ಮುಚ್ಚಳ ತೆಗೆದು ನಟ್ಟು ನೋಡಿ, ವಿಡಿಯೋ ಮಾಡಿಟ್ಟುಕೊಳ್ಳಿ.

1915ರ ದೂರು ಹೋದ ಮೇಲೆ ಅವರ ಧಾಟಿ ಬದಲಾಗಿದೆ. ಬಂದು ಹೋಗೋ ಖರ್ಚು ಬೇಡ, ಕ್ರ್ಯಾಂಕಿನ ದುಡ್ಡು ಮಾತ್ರ ಕೊಡಿ ಅಂತಿದ್ದಾರೆ. ಕೊಡಲ್ಲ ಅಂದಿದ್ದೇನೆ. ನೀವು ಫಿಟ್ ಮಾಡಿ ಕಳಿಸಿದ ಭಾಗ, ನೀವೇ ಬದಲಾಯಿಸಿ, ಇಲ್ಲ ಅಂದರೆ ಮಷಿನ್ ಎತ್ತಿಕೊಂಡು ಹೋಗಿ ಪೂರ್ತಿ ದುಡ್ಡು ವಾಪಸ್ ಕೊಡಿ ಅಂತ ಬರೆದಿದ್ದೇನೆ. ಉತ್ತರ ಬಂದಿಲ್ಲ. ತಿಂಗಳ ಗಡುವು ಮುಗಿದ ಮಾರನೇ ದಿನ ಹಾಸನದ ಆಯೋಗಕ್ಕೆ ಅರ್ಜಿ ಹಾಕುತ್ತೇವೆ, ಕಾಗದ ಎಲ್ಲ ಜೋಡಿಸಿಟ್ಟಾಗಿದೆ.