ಸುಮ್ಮನೆ ಪದ, ಕೋಟ್, ವರ್ಬ್ಯಾಟಿಮ್, ಮೈನಸ್: ಹುಡುಕಾಟದಲ್ಲಿ ಯಾವುದು ಯಾವಾಗ?

ಗೂಗಲ್‌ನಲ್ಲಿ ಸುಮ್ಮನೆ ಪದ ಹಾಕಿ ಹುಡುಕಿದರೆ ಸಮಾನಾರ್ಥಕಗಳು, ಕಾಗುಣಿತದ ತಿದ್ದುಪಡಿ ಎಲ್ಲವನ್ನೂ ಅದೇ ಸೇರಿಸಿಕೊಳ್ಳುತ್ತದೆ. ವಿಷಯ ಹೊಸದು, ಸರಿಯಾದ ಪದ ಗೊತ್ತಿಲ್ಲ ಅನ್ನುವಾಗ ಇದೇ ವಾಸಿ. ಮಾಡೆಲ್ ನಂಬರ್ ಹುಡುಕುವಾಗ ಮಾತ್ರ ಇದರಿಂದ ತೊಂದರೆ: ಅದನ್ನೇ ಹೋಲುವ ಬೇರೆ ಮಾಡೆಲ್‌ನ ಪುಟಗಳೂ ಬಂದು ಸೇರಿಕೊಳ್ಳುತ್ತವೆ.

ಪದಗಳನ್ನು ಉದ್ಧರಣ ಚಿಹ್ನೆಯೊಳಗೆ (" ") ಇಟ್ಟು, ಅವೇ ಪದಗಳು ಅದೇ ಕ್ರಮದಲ್ಲಿ ಇರುವ ಪುಟಗಳನ್ನು ಕೇಳುವುದು ಕೋಟ್. ಎರರ್ ಮೆಸೇಜ್‌ಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಇಡೀ ಸಾಲನ್ನು ಕಾಪಿ ಮಾಡಿ ಕೋಟ್‌ನೊಳಗೆ ಹಾಕಬಾರದು. "ಫೈಲ್ ತೆರೆಯಲು ಅನುಮತಿ ಇಲ್ಲ: ಮನೆಲೆಕ್ಕ2" ಅಂತ ಬಂದಿದ್ದರೆ, ಕೊನೆಯದು ನಿಮ್ಮ ಫೈಲಿನ ಹೆಸರು, ಜಗತ್ತಿನ ಬೇರಾವ ಪುಟದಲ್ಲೂ ಅದು ಇರಲಾರದು. ಕೋಲನ್‌ಗೆ ಮೊದಲಿನ ಭಾಗವನ್ನಷ್ಟೇ ಕೋಟ್‌ನೊಳಗೆ ಇಡಿ, ಸಾಫ್ಟ್‌ವೇರ್‌ನ ಹೆಸರನ್ನು ಹೊರಗೆ ಬರೆಯಿರಿ. ಫಲಿತಾಂಶ ಸೊನ್ನೆ ಬಂದರೆ ಕೋಟ್‌ನೊಳಗಿನ ಪದಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತಾ ಬನ್ನಿ.

ಪದಗಳು ಬದಲಾಗಬಾರದು, ಕ್ರಮ ಹೇಗಿದ್ದರೂ ಸರಿ ಅನ್ನುವವರಿಗೆ ವರ್ಬ್ಯಾಟಿಮ್. ಫಲಿತಾಂಶದ ಪುಟದಲ್ಲಿ ಟೂಲ್ಸ್ ಒತ್ತಿ, 'ಆಲ್ ರಿಸಲ್ಟ್ಸ್' ತೆರೆದು ಅದನ್ನು ಆರಿಸಬೇಕು. ನಾಲ್ಕೈದು ಪದಗಳಿಗೆ ಬೇರೆ ಬೇರೆ ಕೋಟ್ ಹಾಕುವ ಶ್ರಮ ಇದರಿಂದ ತಪ್ಪುತ್ತದೆ. ಇಷ್ಟು ಉಪಯುಕ್ತವಾದದ್ದನ್ನು ಮೆನುವಿನೊಳಗೆ ಹುದುಗಿಸಿಟ್ಟಿರುವುದು ಸರಿಯಲ್ಲ.

ಮೈನಸ್ ಬಳಸುವಾಗ ಎಚ್ಚರ ಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಹುಡುಕುವಾಗ, ಅದೇ ಹೆಸರಿನ ಹಾವಿನ ಪುಟಗಳು ಬೇಡವೆಂದು 'ಪೈಥಾನ್ -ಹಾವು' ಅಂತ ಹಾಕಿದರೆ, ಪೈಥಾನ್‌ನಲ್ಲಿ ಹಾವಿನ ಆಟ ಬರೆಯುವುದನ್ನು ಕಲಿಸುವ ಒಳ್ಳೆಯ ಪಾಠವೂ ಹೋಗುತ್ತದೆ. ಅದರ ಬದಲು 'ಪೈಥಾನ್ ಕೋಡ್' ಅಂತ ಒಂದು ಪದ ಸೇರಿಸುವುದೇ ಮೇಲು. ಮೈನಸ್‌ಗೂ ಪದಕ್ಕೂ ನಡುವೆ ಜಾಗ ಬಿಟ್ಟರೆ ಅದು ಕೆಲಸ ಮಾಡುವುದಿಲ್ಲ. ಇನ್ನೊಂದು ವ್ಯತ್ಯಾಸವಿದೆ: ಗೂಗಲ್‌ನಲ್ಲಿ ಮೈನಸ್ ಅಂದರೆ ಆ ಪದವೇ ಬೇಡ, ಡಕ್‌ಡಕ್‌ಗೋ ಎಂಬ ಇನ್ನೊಂದು ಸರ್ಚ್ ಎಂಜಿನ್‌ನಲ್ಲಿ ಆ ಪದವಿರುವ ಪುಟಗಳು ಕಡಿಮೆಯಾಗಲಿ ಅಂತಷ್ಟೇ. ಅಲ್ಲಿ ಕೋಟ್ ಕೂಡ ಸಡಿಲ. ತದ್ರೂಪ ಸಿಗದಿದ್ದರೆ ಹತ್ತಿರದ ಪುಟಗಳನ್ನು ತೋರಿಸುತ್ತದೆ.

ಸಂಸ್ಥೆಯೊಂದರ ದಾಖಲೆ ಬೇಕಿದ್ದರೆ ಈ ನಾಲ್ಕಕ್ಕಿಂತ, ಒಂದೇ ವೆಬ್‌ಸೈಟ್‌ನೊಳಗೆ ಹುಡುಕುವ ಸೈಟ್ ಆಪರೇಟರ್ ಮುಂದು. ಇಂಗ್ಲಿಷ್ ಅಕ್ಷರದಲ್ಲಿ 'ಸೈಟ್', ಕೋಲನ್, ಜಾಗ ಬಿಡದೆ ವೆಬ್‌ಸೈಟ್ ವಿಳಾಸ, ಆಮೇಲೆ ಜಾಗ ಬಿಟ್ಟು ಹುಡುಕುವ ಪದ. ಜೊತೆಗೆ ಫೈಲ್‌ಟೈಪ್ ಆಪರೇಟರ್ ಹಾಕಿ ಪಿಡಿಎಫ್ ಮಾತ್ರ ಕೇಳಿದರೆ, ಸುದ್ದಿ ಪುಟಗಳ ರಾಶಿ ಸರಿದು ವರದಿ, ಕೈಪಿಡಿಗಳು ಮುಂದೆ ಬರುತ್ತವೆ.